ವಿಶೇಷದ ಕಲಮಿನಲ್ಲಿ ಮಾಮೂಲು

೧೯೩೫ನೇ ಇಸವಿ ಆಗಸ್ಟ್ ತಿಂಗಳ ಎರಡನೆಯ ಬುಧವಾರ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ, ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ನಾಲೆಗೆ ಮೊದಲ ಸಲ ನೀರು ಬಂತು. ಅದೇ ಶನಿವಾರ ತಾಲ್ಲೂಕು ಕಚೇರಿಗೆ ತಲುಪಿದ ಆ ಹಳ್ಳಿಯ ವಾರದ ವರದಿಯಲ್ಲಿ, ‘ವಿಶೇಷ ಸಂಗತಿ’ ಎಂಬ ಕಲಮಿನ ಎದುರು ಒಂದೇ ಪದವಿತ್ತು: ಮಾಮೂಲು.

ವರದಿ ಬರೆದವರು ಆ ಹಳ್ಳಿಯ ಶಾನುಭೋಗರು. ಅದನ್ನು ಉಳಿದ ಹಳ್ಳಿಗಳ ವರದಿಗಳ ಜೊತೆ ಸೇರಿಸಿ ‘ತಾಲ್ಲೂಕಿನಾದ್ಯಂತ ಮಾಮೂಲು’ ಎಂದು ಒಟ್ಟು ವರದಿ ತಯಾರಿಸಿದವನು ನಾನು. ಆಗ ಮಳವಳ್ಳಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಅದಕ್ಕೆ ರುಜು ಹಾಕಿದವರು ತಾಲ್ಲೂಕಿನ ಮುಖ್ಯಸ್ಥರಾದ ಅಮಲ್ದಾರರು. ನೀರು ಬಂದ ದಿನ ನಾಲೆಯ ಏರಿಯ ಮೇಲೆ ಹಾರ ಹಾಕಿಸಿಕೊಂಡು ಮುಕ್ಕಾಲು ಗಂಟೆ ಭಾಷಣ ಮಾಡಿದವರೂ ಅವರೇ. ಆ ಶನಿವಾರ ನಮ್ಮ ಮೂವರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ.

ಈ ಪದದ ಬಗ್ಗೆ ಮೊದಲೇ ಸ್ವಲ್ಪ ಹೇಳಬೇಕು. ಕಾಗದದಲ್ಲಿ ಅದು ಮಾಮೂಲು, ಜನರ ಬಾಯಲ್ಲಿ ಮಾಮೂಲಿ. ಎಂದಿನ ಹಾಗೆ, ಯಾವಾಗಲೂ ಇರುವ ಹಾಗೆ ಎಂದು ಅರ್ಥ. ಕಚೇರಿಯ ಹಿಂಬಾಗಿಲಿಗೆ ಸಂಬಂಧಿಸಿದ ಇನ್ನೊಂದು ಅರ್ಥವೂ ಉಂಟು. ಈ ಬರಹದಲ್ಲಿ ಅದಕ್ಕೆ ಕೆಲಸವಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ‘ಏನ್ಲಾ ಸಮಾಚಾರ’ ಎಂದು ಕೇಳಿದರೆ ‘ಮಾಮೂಲಿ ಕಣ್ಲಾ’ ಎಂಬ ಉತ್ತರ ಬರುತ್ತದೆ. ಉತ್ತರ ಕೊಟ್ಟವನ ಮನೆಯಲ್ಲಿ ಹಿಂದಿನ ದಿನ ಹೆಣ್ಣು ನೋಡಲು ಜನ ಬಂದಿರಬಹುದು, ಎಮ್ಮೆ ಕಳೆದುಹೋಗಿರಬಹುದು, ಸಿಕ್ಕಿರಬಹುದು. ಕೇಳಿದವನು ಅಷ್ಟಕ್ಕೇ ತೃಪ್ತನಾಗಿ ಮುಂದೆ ಹೋಗುತ್ತಾನೆ. ಅಡುಗೆ ಹೇಗಿದೆ ಎಂದು ಕೇಳಿದಾಗ ಗಂಡ ‘ಮಾಮೂಲಿ’ ಎಂದರೆ ಈ ಸೀಮೆಯ ಹೆಂಗಸರು ಅದನ್ನು ಹೊಗಳಿಕೆಯ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿದ್ದರು. ಬೇರೆ ಹೊಗಳಿಕೆ ಬರುವ ಸಂಭವ ಇರಲಿಲ್ಲ.

ವಾರದ ವರದಿಯಲ್ಲಿ ಏಳು ಕಲಮುಗಳು: ಮಳೆ, ಬೆಳೆ, ಮೇವು, ಕುಡಿಯುವ ನೀರು, ದನಗಳ ರೋಗ, ಜನರ ಆರೋಗ್ಯ ಮತ್ತು ಸಾವು, ಕೊನೆಗೆ ವಿಶೇಷ ಸಂಗತಿ. ಹಳ್ಳಿಯಿಂದ ಅದನ್ನು ತಳವಾರ ಹೊತ್ತು ತರುತ್ತಿದ್ದ. ನಮ್ಮಿಂದ ಮಂಡ್ಯದ ಸಬ್ ಡಿವಿಜನ್ ಕಚೇರಿಗೆ, ಅಲ್ಲಿಂದ ಮೈಸೂರಿಗೆ ಹೋಗುತ್ತಿತ್ತು. ಮೈಸೂರಿನಲ್ಲಿ ಅದನ್ನು ಯಾರು ಓದುತ್ತಿದ್ದರು ಎಂಬುದು ನನಗೆ ತಿಳಿಯದು. ಮಂಡ್ಯದಲ್ಲಿ ಯಾರೂ ಓದುವುದಿಲ್ಲ ಎಂದು ನಾವು ನಂಬಿದ್ದೆವು. ಅದು ನಮ್ಮ ತಪ್ಪು. ಮಂಡ್ಯದ ಅಧಿಕಾರಿ ಕೂಡ ಆ ಬುಧವಾರ ನಾಲೆಯ ಏರಿಯ ಮೇಲಿದ್ದರು, ಇನ್ನೂ ದೊಡ್ಡ ಹಾರದಲ್ಲಿ. ನಮ್ಮ ವರದಿ ಕೆಂಪು ಶಾಯಿಯ ಎರಡು ಸಾಲು ಹೊತ್ತುಕೊಂಡು ಹಿಂದಕ್ಕೆ ಬಂತು: ‘ನೀರು ಬಂದ ವಾರ ಮಾಮೂಲು ಹೇಗೆ? ಸಂಬಂಧಪಟ್ಟ ಶಾನುಭೋಗನ ಮೇಲೆ ವಿಚಾರಣೆ ನಡೆಸಿ ತಿಳಿಸುವುದು.’

ನಮ್ಮ ಅಮಲ್ದಾರರು ಮೂವತ್ತು ದಾಟದವರು, ಪದವೀಧರರು, ಮಳವಳ್ಳಿಗೆ ಬಂದು ನಾಲ್ಕು ತಿಂಗಳಾಗಿತ್ತು. ಕೆಂಪು ಶಾಯಿಯನ್ನು ಅವರು ಎರಡು ಸಲ ಓದಿದರು. ಆಮೇಲೆ ಕೆಳಗಿದ್ದ ತಮ್ಮ ರುಜುವನ್ನು ನೋಡಿದರು.

“ಇದನ್ನು ನಾನು ಓದಿದ್ದೆನೇ?” ಎಂದು ನನ್ನನ್ನು ಕೇಳಿದರು.

“ರುಜು ಹಾಕಿದ್ದೀರಿ ಸ್ವಾಮಿ,” ಎಂದೆ.

ಅಂದೇ ಸುತ್ತೋಲೆಯ ಕರಡು ಸಿದ್ಧವಾಯಿತು. ಇನ್ನು ಮುಂದೆ ಯಾವ ವರದಿಯಲ್ಲೂ ಮಾಮೂಲು ಎಂಬ ಪದ ಬರಕೂಡದು. ಅದು ಪರಭಾಷೆಯ ಪದ, ಸೋಮಾರಿಯ ಪದ. ಏನು ನಡೆಯಿತೋ ಅದನ್ನು ಬರೆಯತಕ್ಕದ್ದು.

ಆ ಕರಡನ್ನು ನಾನು ಅಮಲ್ದಾರರಿಗೆ ಓದಿ ಹೇಳುವಾಗ ಪಕ್ಕದಲ್ಲಿ ನಮ್ಮ ಕಚೇರಿಯ ಮುನ್ಷಿಗಳು ನಿಂತಿದ್ದರು. ಫಾರಸಿ, ಅರಬ್ಬಿ ಬಲ್ಲ ವಯಸ್ಸಾದ ಮುಸಲ್ಮಾನರು. ಹಳೆಯ ದಸ್ತಾವೇಜು ಓದಬೇಕಾದಾಗ ಮಾತ್ರ ಅವರ ನೆನಪಾಗುತ್ತಿತ್ತು.

“ಪರಭಾಷೆ ಅನ್ನೋದು ಸರಿ ಹುಜೂರ್,” ಎಂದರು. “ಅರಬ್ಬಿ. ಅಮಲ್ ಅಂದ್ರೆ ಕೆಲಸ. ಮಾಡಿ ಮಾಡಿ ರೂಢಿ ಆಗಿದ್ದು ಮಾಮೂಲ್.”

“ನೋಡಿದಿರಾ,” ಎಂದರು ಅಮಲ್ದಾರರು.

“ಆ ಅಮಲ್ ನಡೆಸೋರು ಅಮಲ್ದಾರ್. ಎರಡೂ ಒಂದೇ ಮನೆ ಮಕ್ಕಳು ಹುಜೂರ್. ತಮ್ಮನ್ನ ಹೊರಗೆ ಹಾಕಿದ್ರೆ ಅಣ್ಣನ್ನ ಒಳಗೆ ಇಟ್ಕೊಳ್ಳೋದು ಹೇಗೆ, ಅದೊಂದು ಯೋಚನೆ.”

ಅಮಲ್ದಾರರು ಕರಡನ್ನು ಕೈಗೆ ತೆಗೆದುಕೊಂಡು ‘ಪರಭಾಷೆಯ ಪದ’ ಎಂಬುದನ್ನು ಹೊಡೆದುಹಾಕಿದರು. ‘ಸೋಮಾರಿಯ ಪದ’ ಉಳಿಯಿತು.

ಸುತ್ತೋಲೆಯ ಫಲ ಮೊದಲ ಶನಿವಾರವೇ ಕಂಡಿತು. ಒಂದು ಹಳ್ಳಿಯಿಂದ ‘ಎಂದಿನಂತೆ’ ಎಂದು ಬಂತು, ಇನ್ನೊಂದರಿಂದ ‘ಯಥಾಪ್ರಕಾರ’. ಬಂಡೂರಿನ ದಾರಿಯ ಒಬ್ಬ ಶಾನುಭೋಗರು ಆಜ್ಞೆಯನ್ನು ಅಕ್ಷರಶಃ ಪಾಲಿಸಿ ಹದಿನಾರು ಪುಟ ಕಳಿಸಿದ್ದರು. ಅದರಲ್ಲಿ ಆ ವಾರ ಈದ ಕುರಿಗಳು, ಅವುಗಳ ಬಣ್ಣ, ಇಬ್ಬರು ವಾರಗಿತ್ತಿಯರ ಜಗಳದ ಎರಡೂ ಪಕ್ಷದ ಮಾತು ಎಲ್ಲ ಇದ್ದವು. ಬೈಗುಳಗಳನ್ನು ಬಿಡಬೇಕೇ ಬರೆಯಬೇಕೇ ಎಂದು ಕೊನೆಯಲ್ಲಿ ಅಪ್ಪಣೆ ಕೇಳಿದ್ದರು. ಬರೆದಾದ ಮೇಲೆ ಕೇಳಿದ್ದರು. ಹೆಚ್ಚಿನವರು ‘ಕಳೆದ ವಾರದಂತೆ’ ಎಂದು ಬರೆದರು. ಕಳೆದ ವಾರ ಹೇಗಿತ್ತು ಎಂದು ಅಮಲ್ದಾರರು ಕೇಳಿದಾಗ ನಾನು ಹಿಂದಿನ ಕಟ್ಟು ಬಿಚ್ಚಿ ನೋಡಿದೆ. ಅಲ್ಲಿ ಮಾಮೂಲು ಎಂದಿತ್ತು.

ಇಷ್ಟರ ನಡುವೆ ವಿಚಾರಣೆಗೆ ಗುರಿಯಾದ ಶಾನುಭೋಗರು ಒಂದು ಮಧ್ಯಾಹ್ನ ನನ್ನನ್ನು ಹುಡುಕಿಕೊಂಡು ಬಂದರು. ಐವತ್ತೈದು ವರ್ಷದ, ತೆಳ್ಳಗಿನ, ಮಾತಿನಲ್ಲಿ ಆತುರವಿಲ್ಲದ ಮನುಷ್ಯ. ಕಚೇರಿಯ ಹಿಂದಿನ ಹುಣಸೆಮರದ ಕೆಳಗೆ ನಿಲ್ಲಿಸಿಕೊಂಡು ನಿಜ ಹೇಳಿದರು.

“ನೀರು ಬಂದ ಮೇಲೆ ಬರೆದದ್ದಲ್ಲಪ್ಪ ಅದು. ಮುಂಚೇನೇ ಬರೆದದ್ದು.”

“ಮುಂಚೆ ಅಂದರೆ?”

“ತಿಂಗಳ ಮೊದಲ ಏಕಾದಶಿ ದಿವಸ ನಾಲ್ಕು ವಾರದ್ದೂ ಬರೆದು ಗೂಡಿನಲ್ಲಿ ಇಟ್ಟುಬಿಡ್ತೀನಿ. ಅವತ್ತು ಉಪವಾಸ, ಊಟದ ಹೊತ್ತು ಮಿಗುತ್ತೆ ನೋಡು. ತಳವಾರ ಶನಿವಾರಕ್ಕೆ ಒಂದೊಂದು ತೆಗೊಂಡು ಬರ್ತಾನೆ. ಇಪ್ಪತ್ತೆಂಟು ವರ್ಷವಾಯ್ತು. ಒಂದು ವಾರವೂ ನನ್ನ ಮಾತು ಮೀರಿರಲಿಲ್ಲ.”

ಇದನ್ನು ಒಪ್ಪಿಕೊಂಡರೆ ಶಾನುಭೋಗಿಕೆ ಹೋಗುವುದು ಖಚಿತ. ಹೋದರೆ ಅದು ವಂಶದ ಮುಂದಿನ ಹಕ್ಕುದಾರನಾದ ದಾಯಾದಿಗೆ, ಅಂದರೆ ಅವರ ಚಿಕ್ಕಪ್ಪನ ಮಗನಿಗೆ ಸೇರುತ್ತಿತ್ತು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯ ಆಚೆಯವನು ಆಗಲೇ ಹೊಸ ಪೇಟ ಕೊಂಡಿದ್ದಾನೆ ಎಂದು ಶಾನುಭೋಗರು ಹೇಳಿದರು.

“ಹಾಗಾದರೆ ವಿಚಾರಣೆಯಲ್ಲಿ ಏನು ಹೇಳುತ್ತೀರಿ?”

“ಆ ವಾರ ಮಾಮೂಲಾಗಿಯೇ ಇತ್ತು ಅಂತ ಹೇಳ್ತೀನಿ. ಇನ್ನೇನು ದಾರಿಯಿದೆ?”

ವಿಚಾರಣೆ ಸೆಪ್ಟೆಂಬರ್ ಎರಡನೆಯ ಗುರುವಾರ ಆ ಹಳ್ಳಿಯ ಚಾವಡಿಯಲ್ಲಿ ನಡೆಯಿತು. ಅಮಲ್ದಾರರು ಜಟಕಾದಲ್ಲಿ ಬಂದರು. ಹೇಳಿಕೆ ಬರೆದುಕೊಳ್ಳಲು ಚೀಲ ಹಿಡಿದು ನಾನು ಜೊತೆಗಿದ್ದೆ. ಒಂದು ಮೇಜು, ಎರಡು ಕುರ್ಚಿ, ಒಂದರ ಕಾಲು ಮೋಟು. ಅದು ನನ್ನದು. ಶಾನುಭೋಗರು ಕಂಬದ ಪಕ್ಕ ಕೈಕಟ್ಟಿ ನಿಂತಿದ್ದರು. ಚಾವಡಿಯ ಎದುರಿಗೇ ನಾಲೆ, ಅದರ ತುಂಬ ಕೆಂಪು ನೀರು, ನೀರಿನಲ್ಲಿ ಎರಡು ಎಮ್ಮೆ.

ಮೊದಲ ಸಾಕ್ಷಿ ಊರಿನ ಪಟೇಲರಾದ ಗೌಡರು.

“ಆ ವಾರ ಊರಿನಲ್ಲಿ ಏನು ವಿಶೇಷ ನಡೆಯಿತು?” ಎಂದು ಅಮಲ್ದಾರರು ಕೇಳಿದರು.

“ಏನೂ ಇಲ್ಲ ಬುದ್ದಿ. ಮಾಮೂಲಿ.”

“ಗೌಡರೇ, ನಾಲೆಗೆ ನೀರು ಬಂತಲ್ಲ?”

“ಬಂತು.”

“ಅದು ವಿಶೇಷ ಅಲ್ಲವೇ?”

ಪಟೇಲರು ನಾಲೆಯ ಕಡೆ ತಿರುಗಿ ನೋಡಿ ಯೋಚಿಸಿದರು. “ಬತ್ತದೆ ಬತ್ತದೆ ಅಂತ ಮೂರೊರ್ಸದಿಂದ ನೀವೇ ಯೋಳ್ತಿದ್ರಿ. ಬಂತು. ಬರ್ದೆ ಓಗಿದ್ರೆ ಇಸೇಸ ಆಗೋದು ಬುದ್ದಿ.”

ನಾನು ಬರೆದುಕೊಂಡೆ. ಎರಡನೆಯ ಸಾಕ್ಷಿ ಒಬ್ಬ ಮುದುಕ ರೈತ. ನಾಲೆಗೆ ತಾಗಿದ ಮೊದಲ ಹೊಲ ಅವನದು.

“ನಿನ್ನ ಹೊಲಕ್ಕೇ ಮೊದಲು ನೀರು ಹತ್ತಿತಂತೆ. ನಿನಗೆ ಏನನ್ನಿಸಿತು?”

“ಏನನ್ನುಸ್ತದೆ. ನಾಲೆ ತೋಡುದ್ಮೇಲೆ ನೀರ್ ಬರ್ದೆ ಮಜ್ಗೆ ಬಂದಾದಾ?”

“ಆ ದಿನ ನಾವೆಲ್ಲ ಬಂದಿದ್ದೆವು. ಮಂಡ್ಯದ ಸಾಹೇಬರು, ನಾನು. ಹಾರ, ವಾದ್ಯ ಎಲ್ಲ ಇತ್ತು. ನೋಡಲಿಲ್ಲವೇ?”

“ನೋಡ್ದೆ. ಆರ ಆಕ್ಕೊಂಡು ನಿಂತಿದ್ದೋರು ನೀವೇಯಾ? ಯಾರೋ ಮದ್ವೆ ಗಂಡು ದಾರಿ ತಪ್ಪುಸ್ಕೊಂಡು ಬಂದವ್ನೆ ಅನ್ಕಂಡೆ.”

ಹಿಂದಿನಿಂದ ಯಾರೋ, “ಬಾಯ್ ಮುಚ್ಲಾ, ಅಮಲ್ದಾರ್ರು ಕಣ್ಲಾ,” ಎಂದರು.

“ಆಗ್ಲಿ ಬುಡು. ಅಮಲ್ದಾರ್ರು ಮದ್ವೆ ಆಗ್ಬಾರ್ದು ಅಂತದಾ?” ಎಂದ ಮುದುಕ.

ಅಮಲ್ದಾರರಿಗೆ ಮದುವೆಯಾಗಿರಲಿಲ್ಲ. ಈ ಭಾಗವನ್ನು ನಾನು ಬರೆದುಕೊಳ್ಳಲಿಲ್ಲ.

ಮೂರನೆಯವಳು ತಾನಾಗಿ ಮುಂದೆ ಬಂದ ಒಬ್ಬ ಹೆಂಗಸು. ತನ್ನ ಬೆರಣಿಯ ರಾಶಿಯನ್ನು ಒಣ ನಾಲೆಯೊಳಗೆ ಪೇರಿಸಿಟ್ಟಿದ್ದಳಂತೆ. ನೀರು ಬಂದಾಗ ಅಷ್ಟೂ ನೆನೆದು ಹೋಯಿತು. ಅದಕ್ಕೆ ಸರ್ಕಾರ ಏನು ಮಾಡುತ್ತದೆ ಎಂಬುದು ಅವಳ ಪ್ರಶ್ನೆ. ಅಮಲ್ದಾರರ ಮುಖ ಅಂದು ಮೊದಲ ಸಲ ಅರಳಿತು.

“ಅಂದರೆ ನಿನಗೆ ಆ ವಾರ ಎಂದಿನ ಹಾಗಿರಲಿಲ್ಲ. ಬರೆದುಕೊಳ್ಳಿ.”

“ಅದ್ಯಾಕೆ ಬುದ್ದಿ ಅಂಗಂತೀರಿ. ಓದೊರ್ಸ ಮಳೆಗ್ ನೆಂದಿತ್ತು. ಆಚೊರ್ಸ ನಮ್ಮೆಜಮಾನ ಕೊಡ ಎಡವಿ ನೀರು ಸುರ್ದಿದ್ದ. ನನ್ ಬೆರ್ಣಿ ಒಣಗಿದ್ದೇ ಯಾವತ್ತು? ಮಾಮೂಲಿ.”

ಶಾನುಭೋಗರು ಇವರಿಗೆಲ್ಲ ಹೇಳಿಕೊಟ್ಟಿದ್ದರೇ ಎಂದು ನಾನು ಆಮೇಲೆ ಅವರನ್ನು ಕೇಳಿದೆ. ಇಲ್ಲ ಎಂದರು. ಹೇಳಿಕೊಟ್ಟಿದ್ದರೆ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ ಎಂದೂ ಸೇರಿಸಿದರು. ಬೇರೆ ಕಡೆಯಿಂದ ಇದನ್ನು ಖಚಿತಪಡಿಸಿಕೊಳ್ಳಲು ನನಗೆ ಆಗಿಲ್ಲ.

ಕೊನೆಗೆ ದಾಯಾದಿ ಬಂದರು. ಹೊಸ ಪೇಟ ಅವರ ತಲೆಯ ಮೇಲಿತ್ತು. ಹೇಳಿಕೆಯನ್ನು ಬರೆದೇ ತಂದಿದ್ದರು. ಊರಿನ ಚರಿತ್ರೆಯಲ್ಲಿ ಅಂಥ ದಿನ ಬಂದಿರಲಿಲ್ಲ, ಮುಂದೆ ಬರುವುದಿಲ್ಲ, ಗಂಗೆ ತಾನಾಗಿ ಮನೆಬಾಗಿಲಿಗೆ ಇಳಿದು ಬಂದದ್ದನ್ನು ಕಂಡು ಊರಿಗೆ ಊರೇ ಕಣ್ಣೀರಿಟ್ಟಿತು ಎಂದು ಓದಿದರು. ಬೆರಣಿಯ ಹೆಂಗಸು ಇದನ್ನು ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಮಲ್ದಾರರಿಗೆ ಸಮಾಧಾನವಾಯಿತು. “ನೀರು ಬಂದಾಗ ನೀವು ಎಲ್ಲಿ ನಿಂತಿದ್ದಿರಿ? ನನಗೆ ನಿಮ್ಮನ್ನು ನೋಡಿದ ನೆನಪಿಲ್ಲ.”

“ನಾನು ಊರಿನಲ್ಲಿರಲಿಲ್ಲ ಸ್ವಾಮಿ. ಮದ್ದೂರಿಗೆ ಹೋಗಿದ್ದೆ, ಮಾವನವರ ಮನೆಗೆ.”

“ನೀರು ಬರುವ ದಿನವೇ? ಏನಾದರೂ ಜರೂರಿತ್ತೇ?”

“ಜರೂರೇನೂ ಇಲ್ಲ. ಬುಧವಾರ ಅಲ್ಲೇ ಊಟ. ಮಾಮೂಲು.”

 ಬರೆದುಕೊಳ್ಳಲೇ ಎಂದು ನಾನು ಅಮಲ್ದಾರರನ್ನು ಕೇಳಿದೆ. ಬರೆದುಕೊಳ್ಳಿ ಎಂದರು. ಹಿಂದೆ ನಿಂತಿದ್ದವರು ನಕ್ಕರು. ಶಾನುಭೋಗರು ಮಾತ್ರ ನಗಲಿಲ್ಲ. ದಾಯಾದಿಯ ಮುಖ ಕೆಂಪಾಗುವುದನ್ನು ಅವರು ನೋಡುತ್ತಿದ್ದರು. ತಮ್ಮ ಮನೆಯ ಮಾತು ಆ ಗೋಡೆಯ ಆಚೆಗೆ ಏನೇನು ಕೇಳಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

“ಸ್ವಾಮಿ,” ಎಂದರು ದಾಯಾದಿ, “ನನ್ನ ಊಟದ ಮಾತು ಹಾಗಿರಲಿ. ಈ ಶನಿವಾರದ ವರದಿ ಎಲ್ಲಿದೆ ಅಂತ ತಳವಾರನನ್ನು ಕೇಳಿ.”

“ಶನಿವಾರ ಇನ್ನೂ ಬಂದಿಲ್ಲವಲ್ಲ.”

“ಕೇಳಿ ನೋಡಿ.”

ಅಮಲ್ದಾರರು ಕೇಳಿದರು. ತಳವಾರ ವಿಧೇಯ ಮನುಷ್ಯ. ಶಾನುಭೋಗರ ಮುಖದ ಕಡೆ ನೋಡಿದ್ದರೆ ತಿಳಿಯುತ್ತಿತ್ತೋ ಏನೋ. ಅವನು ನೋಡಲಿಲ್ಲ. “ತತ್ತೀನಿ ಬುದ್ದಿ” ಎಂದವನೇ ಶಾನುಭೋಗರ ಮನೆಗೆ ಹೋಗಿ, ಗೂಡಿನಲ್ಲಿದ್ದುದನ್ನು ತಂದು ಮೇಜಿನ ಮೇಲಿಟ್ಟ. “ಇದು ಈ ವಾರದ್ದು. ಇದು ಬರೋ ವಾರದ್ದು. ಇದು ಅದ್ರಾಚೆ ವಾರದ್ದು.”

ಅಮಲ್ದಾರರು ಮೂರನ್ನೂ ಬಿಡಿಸಿ ಓದಿದರು. ಸುತ್ತೋಲೆಯನ್ನು ಶಾನುಭೋಗರು ಪಾಲಿಸಿದ್ದರು. ಮಾಮೂಲು ಎಂದು ಎಲ್ಲಿಯೂ ಇರಲಿಲ್ಲ. ಅದಿರಬೇಕಾದ ಕಡೆಯೆಲ್ಲ ‘ಎಂದಿನಂತೆ’ ಇತ್ತು. ಅಮಲ್ದಾರರ ಬೆರಳು ಆರನೆಯ ಕಲಮಿನ ಮೇಲೆ ನಿಂತಿತು.

“ಸಾವು, ಇಲ್ಲ. ಈ ವಾರ ಯಾರೂ ಸಾಯುವುದಿಲ್ಲ ಎಂದು ಗುರುವಾರವೇ ನಿಮಗೆ ಹೇಗೆ ತಿಳಿಯಿತು?”

 ಪಟೇಲರು ಎರಡು ಹೆಜ್ಜೆ ಮುಂದೆ ಬಂದರು. ಅವರ ತಾಯಿ ಹದಿನೈದು ದಿನದಿಂದ ಹಾಸಿಗೆ ಹಿಡಿದಿದ್ದರು.

“ಸಾವಿಲ್ಲ ಅಂತ ಬರ್ದವ್ರಾ ಬುದ್ದಿ?”

“ಬರೆದಿದೆ.”

“ಮೂರು ವಾರಕ್ಕೂ?”

“ಮೂರು ವಾರಕ್ಕೂ.”

“ಅಂಗಾರೆ ನಮ್ಮವ್ವ ಬಚಾವಾದ್ಲು ಬುಡಿ,” ಎಂದು ಪಟೇಲರು ಹಿಂದಕ್ಕೆ ಸರಿದರು. “ಸಾನುಬೋಗ್ರು ಬರ್ದದ್ದು ತಪ್ಪಿದ್ದೇ ಇಲ್ಲ.”

ಅಮಲ್ದಾರರು ಎದ್ದು ನಿಂತರು. ಮುಂಚಿತವಾಗಿ ವರದಿ ಬರೆದಿಡುವುದು ಕೆಲಸದಿಂದ ತೆಗೆದುಹಾಕುವಂಥ ತಪ್ಪು ಎಂದು ಚಾವಡಿಗೆಲ್ಲ ಕೇಳುವ ಹಾಗೆ ಹೇಳಿದರು. ದಾಯಾದಿ ಪೇಟ ಸರಿಪಡಿಸಿಕೊಂಡರು. ಶಾನುಭೋಗರು ಕಂಬ ಹಿಡಿದುಕೊಂಡರು.

“ಗುಮಾಸ್ತರೇ, ನಿಯಮದ ಪುಸ್ತಕ ತೆಗೆಯಿರಿ. ಕಲಮು ಓದಿ ಹೇಳಿ.”

ನಾನು ಚೀಲದ ಬಾಯಿ ಬಿಚ್ಚಿದೆ. ನಿಯಮದ ಪುಸ್ತಕ ತಳದಲ್ಲಿತ್ತು. ಅದರ ಮೇಲೆ, ಎಲ್ಲಕ್ಕಿಂತ ಮೇಲೆ, ಆ ಶನಿವಾರ ಮಂಡ್ಯಕ್ಕೆ ಹೋಗಬೇಕಾದ ತಾಲ್ಲೂಕಿನ ಒಟ್ಟು ವರದಿ ಇತ್ತು. ಗುರುವಾರದಿಂದ ಭಾನುವಾರದವರೆಗೆ ಅಮಲ್ದಾರರು ಹಳ್ಳಿಗಳ ಸುತ್ತಾಟದಲ್ಲಿ ಇರುತ್ತಿದ್ದುದರಿಂದ, ಟಪಾಲು ತಪ್ಪಬಾರದೆಂದು ನಾನು ಬುಧವಾರ ಸಂಜೆಯೇ ಅದನ್ನು ಬರೆದು, ದಾರಿಯಲ್ಲಿ ಟಪಾಲಿಗೆ ಹಾಕಲು ಜೊತೆಗಿಟ್ಟುಕೊಂಡಿದ್ದೆ. ‘ಈ ವಾರ ತಾಲ್ಲೂಕಿನಲ್ಲಿ ವಿಶೇಷವೇನೂ ನಡೆದಿಲ್ಲ.’ ಕೆಳಗೆ ಅವರ ರುಜು, ಅದರ ಕೆಳಗೆ ಶನಿವಾರದ ತಾರೀಕು. ಅವರು ಬಂದಾಗಿನಿಂದ ಸುತ್ತಾಟದ ವಾರಗಳಲ್ಲಿ ನಾವು ಹೀಗೆಯೇ ಮಾಡುತ್ತಿದ್ದೆವು. ಅವರಿಗಿಂತ ಮುಂಚಿನವರ ಕಾಲದಲ್ಲೂ ಹೀಗೆಯೇ ನಡೆಯುತ್ತಿತ್ತು.

ಅಮಲ್ದಾರರು ಚೀಲದೊಳಗೆ ನೋಡಿದರು. ನಾನು ಅವರನ್ನು ನೋಡಿದೆ. ದಾಯಾದಿ ಕತ್ತು ಚಾಚಿ ಚೀಲದ ಕಡೆ ನೋಡಲು ಯತ್ನಿಸಿದರು, ಮೇಜು ಅಡ್ಡವಿತ್ತು.

“ಪುಸ್ತಕ ಬೇಡ,” ಎಂದರು ಅಮಲ್ದಾರರು. “ಚೀಲ ಮುಚ್ಚಿ.”

ಅವರು ಮತ್ತೆ ಕೂತರು. ಸ್ವಲ್ಪ ಹೊತ್ತು ನಾಲೆಯಲ್ಲಿದ್ದ ಎಮ್ಮೆಗಳನ್ನು ನೋಡಿದರು. ಆಮೇಲೆ ಆಜ್ಞೆ ಹೇಳಿ ಬರೆಸಿದರು. ಸಾಕ್ಷಿಗಳ ಹೇಳಿಕೆಗಳಿಂದ ಆ ವಾರ ಊರಿನಲ್ಲಿ ವಿಶೇಷವೇನೂ ನಡೆಯಲಿಲ್ಲವೆಂದು ಕಂಡುಬರುತ್ತದೆ. ಶಾನುಭೋಗರನ್ನು ಮುಂದುವರಿಸಲಾಗಿದೆ. ಇನ್ನು ಮುಂದೆ ಅವರು ಪ್ರತಿ ಶನಿವಾರ ಖುದ್ದಾಗಿ ಮಳವಳ್ಳಿಗೆ ಬಂದು, ಕಚೇರಿಯಲ್ಲಿ ಕೂತು ವರದಿ ಬರೆದು ಕೊಡತಕ್ಕದ್ದು.

“ನಡೆದು ಬರಬೇಕೇ ಸ್ವಾಮಿ?” ಎಂದು ಶಾನುಭೋಗರು ಕೇಳಿದರು. ಆ ದಿನ ಅವರು ಆಡಿದ ಮೊದಲ ಮಾತು ಅದು.

“ಹೇಗಾದರೂ ಬನ್ನಿ.”

ಮೇಜಿನ ಮೇಲಿದ್ದ ಮೂರು ವರದಿಗಳನ್ನು ಅಮಲ್ದಾರರು ಹರಿಯಹೋದಾಗ ಪಟೇಲರು ಕೈಮುಗಿದು ತಡೆದರು. ಮೂರು ವಾರ ಕಳೆಯುವವರೆಗೆ ತಮ್ಮ ಹತ್ತಿರ ಇರಲಿ ಎಂದು ಬೇಡಿಕೊಂಡರು. ಅಮಲ್ದಾರರು ಕೊಟ್ಟರು. ಪಟೇಲರ ತಾಯಿ ಆ ಮೂರು ವಾರ ದಾಟಿದರು. ನಾಲ್ಕನೆಯ ವಾರ ಎದ್ದು ಸೊಸೆಯ ಜೊತೆ ಜಗಳಕ್ಕೆ ನಿಂತರೆಂದು ತಳವಾರ ಹೇಳಿದ.

ಮಂಡ್ಯಕ್ಕೆ ಹೋದ ವಿಚಾರಣೆಯ ಕಾಗದಕ್ಕೆ ಉತ್ತರ ಬರಲಿಲ್ಲ. ಸುತ್ತೋಲೆಯನ್ನು ಯಾರೂ ರದ್ದು ಮಾಡಲಿಲ್ಲ; ಮುಂದಿನ ಯುಗಾದಿಯ ಹೊತ್ತಿಗೆ ಅದನ್ನು ಪಾಲಿಸುವವರೂ ಇರಲಿಲ್ಲ. ಶಾನುಭೋಗರು ಶನಿವಾರಗಳಂದು ಛತ್ರಿ ಹಿಡಿದು ಬಂದು ನನ್ನ ಮೇಜಿನ ಎದುರು ಕೂತು ಬರೆಯುತ್ತಿದ್ದರು. ಮೊದಮೊದಲು ಪ್ರತಿ ಕಲಮಿಗೂ ಬಹಳ ಹೊತ್ತು ಹಿಡಿಯುತ್ತಿತ್ತು. ನಡೆದುಹೋದ ವಾರದ ಬಗ್ಗೆ ಬರೆದು ತಮಗೆ ಅಭ್ಯಾಸವಿಲ್ಲ ಎನ್ನುತ್ತಿದ್ದರು. ಅಮಲ್ದಾರರಿಗೆ ಎರಡು ವರ್ಷದ ಮೇಲೆ ವರ್ಗವಾಯಿತು. ಅದೇ ವರ್ಷ ನಾನು ಕೆಲಸ ಬಿಟ್ಟು ಮೈಸೂರಿನ ಒಂದು ಪತ್ರಿಕೆಗೆ ಸೇರಿದೆ.

೧೯೩೯ರ ಜುಲೈ ಒಂದರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಆ ತಿಂಗಳು ಪತ್ರಿಕೆಯ ಕೆಲಸದ ಮೇಲೆ ನಾನು ಮಂಡ್ಯಕ್ಕೆ ಹೋಗಿದ್ದಾಗ, ಹೊಸ ಜಿಲ್ಲಾ ಕಚೇರಿಯ ಗೋಡೆಗೆ ತಾಲ್ಲೂಕುವಾರು ಶಾನುಭೋಗರ ಪಟ್ಟಿ ಅಂಟಿಸಿದ್ದರು. ಮಳವಳ್ಳಿ ತಾಲ್ಲೂಕಿನ ಹಾಳೆಯಲ್ಲಿ, ಆ ಹಳ್ಳಿಯ ಎದುರಿಗೆ, ಆ ಹಳೆಯ ಶಾನುಭೋಗರದೇ ಹೆಸರಿತ್ತು.